ಚಿಕ್ಕಪ್ಪನ ಐದು ಮೂತಿಗಳು

ಕೈಯಲ್ಲಿ ಆಗುವ ಕೆಲಸಕ್ಕೆ ಯಂತ್ರ ಹೊತ್ತು ತರುವ ಗಂಡಸರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ತಂದದ್ದನ್ನು ಮೂಲೆಗಿಟ್ಟು ಸುಮ್ಮನಿದ್ದರೆ ಬೇರೆ ಮಾತು. ಸುಮ್ಮನಿರುತ್ತಾರೆಯೇ? ಅದನ್ನು ಬೀದಿಗೆಲ್ಲ ತೋರಿಸಬೇಕು, ಅದರ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಇದಿಲ್ಲದೆ ಇಷ್ಟು ದಿನ ಹೇಗೆ ಬದುಕಿದಿರಿ ಎಂದು ಮನೆಯ ಹೆಂಗಸರನ್ನು ಕನಿಕರದಿಂದ ನೋಡಬೇಕು. ಈ ಬಗೆಯ ಗಂಡಸನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯಲ್ಲೇ. ಅವನು ನಮ್ಮಪ್ಪನ ತಮ್ಮ, ನನ್ನ ಚಿಕ್ಕಪ್ಪ.

ಸೇಲಂ ಗುಗೈಯ ನೇಕಾರರ ಬೀದಿಯಲ್ಲಿ ನಮ್ಮ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮನೆಗೆ ಎರಡು ಗುಂಡಿಮಗ್ಗ. ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಚಿಕ್ಕಪ್ಪ ಕೂರಬೇಕಿತ್ತು. ಅವನು ಕೂತದ್ದಕ್ಕಿಂತ ಎದ್ದು ಹೋದದ್ದೇ ಹೆಚ್ಚು. ಮೇಟೂರಿನಲ್ಲಿ ಕಾವೇರಿಗೆ ಅಣೆ ಕಟ್ಟುತ್ತಿದ್ದಾಗ ಎಂಟು ತಿಂಗಳು ಅಲ್ಲಿಗೆ ಹೋಗಿದ್ದ. ಸಾಮಾನಿನ ಕೊಠಡಿಯ ಬಾಗಿಲು ಕಾಯುವ ಕೆಲಸ. ಹೋಗುವಾಗ ನೇಕಾರನಾಗಿ ಹೋದವನು ಬರುವಾಗ ಇಂಜಿನಿಯರಾಗಿ ಬಂದ. ನಮ್ಮ ಬಾವಿಯ ರಾಟೆ ಯಾಕೆ ಕಿರುಗುಟ್ಟುತ್ತದೆ, ಒಲೆಯ ಹೊಗೆ ಯಾಕೆ ಹಿಂದಕ್ಕೆ ಬರುತ್ತದೆ, ದೇವರ ದೀಪ ಯಾಕೆ ಓಲಾಡುತ್ತದೆ, ಎಲ್ಲಕ್ಕೂ ಅವನ ಹತ್ತಿರ ಕಾರಣ ಇತ್ತು. ರಾಟೆಗೆ ಎರಡು ಹನಿ ಎಣ್ಣೆ ಬಿಡುವ ಪುರುಸೊತ್ತು ಮಾತ್ರ ಇರಲಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ ಅಪ್ಪ ಚಳಿಜ್ವರದಲ್ಲಿ ತೀರಿಕೊಂಡ. ಮನೆಯಲ್ಲಿ ಉಳಿದವರು ಅವ್ವ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ, ನಾನು. ನಮ್ಮ ಮೂವರಿಗೂ ಯಜಮಾನನಾಗಿ ಚಿಕ್ಕಪ್ಪ. ಅವನಿಗೆ ಹೆಂಡತಿ ಇರಲಿಲ್ಲ, ಮದುವೆಯಾದ ವರ್ಷವೇ ಸತ್ತಿದ್ದಳು. ಆ ಮೇಲೆ ಅವನು ಮದುವೆಯ ಮಾತೆತ್ತಲಿಲ್ಲ. ಅಪ್ಪನ ಮಗ್ಗದಲ್ಲಿ ಅವ್ವ ಕೂತಳು. ಚಿಕ್ಕಪ್ಪ ತನ್ನ ಮಗ್ಗದಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಕೂರತೊಡಗಿದ, ನಿಜ. ಆದರೆ ನನಗೆ ಅವನ ಮೇಲೆ ಸಿಟ್ಟು. ಅಪ್ಪ ಇರಬೇಕಾದ ಕಡೆ ಇವನಿದ್ದಾನಲ್ಲ ಎಂಬುದೇ ಸಿಟ್ಟು.

ಅಣೆ ಮುಗಿದ ಮರುವರ್ಷ ಇರಬೇಕು, ಒಂದು ದಿನ ಚಿಕ್ಕಪ್ಪ ಏರ್ಕಾಡಿನ ಬೆಟ್ಟದಿಂದ ಏನನ್ನೋ ಬೆನ್ನಿಗೆ ಹೊತ್ತು ಇಳಿದು ಬಂದ. ದೊಡ್ಡ ಹಿತ್ತಾಳೆ ಡಬ್ಬ. ಅದಕ್ಕೆ ಹೆಗಲಿಗೆ ಹಾಕುವ ತೊಗಲಿನ ಪಟ್ಟಿ, ಪಕ್ಕದಲ್ಲಿ ಒತ್ತುವ ಹಿಡಿ, ಕೆಳಗೆ ರಬ್ಬರಿನ ಕೊಳವೆ, ಕೊಳವೆಯ ತುದಿಗೆ ಮೊಳದುದ್ದ ಹಿತ್ತಾಳೆ ಕಡ್ಡಿ. ಯಾವನೋ ದೊರೆಯ ಕಾಫಿ ತೋಟದಲ್ಲಿ ಗಿಡಕ್ಕೆ ಔಷಧಿ ಹೊಡೆದು ಹಳೆಯದಾದ ಮೇಲೆ ಬಂಗಲೆಯ ಬಟ್ಲರು ಇವನಿಗೆ ದಾಟಿಸಿದ್ದ. ಜೊತೆಗೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಹಸಿರು ಮಖಮಲ್ಲು, ಮಖಮಲ್ಲಿನಲ್ಲಿ ಐದು ಕುಳಿ, ಕುಳಿಗೊಂದರಂತೆ ಐದು ಹಿತ್ತಾಳೆ ಮೂತಿ.

"ಇದುಕ್ಕೆ ನಾಜಿಲ್ಲು ಅಂತಾರೆ" ಎಂದ ಚಿಕ್ಕಪ್ಪ, ಪೆಟ್ಟಿಗೆಯನ್ನು ನಡುಮನೆಯಲ್ಲಿ ತೆರೆದಿಟ್ಟು. "ಐದು ಐತೆ ನೋಡು."

ಅವ್ವ ಲಾಳಿ ನಿಲ್ಲಿಸಿ ಬಗ್ಗಿ ನೋಡಿದಳು. "ಐದು ಮೂತಿನಾ? ಒಂದೊಂದು ಮೂತಿ ಇರೋರ್ಗೇ ಕೂಳು ಆಕಕ್ಕಾಗ್ತಾ ಇಲ್ಲ" ಎಂದು ಮತ್ತೆ ಲಾಳಿ ಎಸೆದಳು.

"ನಗಬ್ಯಾಡಿ ಅತ್ಗೆ. ಇದು ಸಯನ್ಸು. ಒಂದೊಂದು ಕೆಲ್ಸಕ್ಕೆ ಒಂದೊಂದು ನಾಜಿಲ್ಲು. ತಪ್ಪು ನಾಜಿಲ್ಲು ಆಕಿದ್ರೆ ಕೆಲ್ಸ ಕೆಡ್ತದೆ. ಅದು ತಿಳ್ಕೊಳ್ಳೋದೇ ವಿದ್ಯೆ."

ಮೊದಲನೆಯದಕ್ಕೆ ಒಂದೇ ದೊಡ್ಡ ತೂತು. ಎರಡನೆಯದು ಜರಡಿಯ ಹಾಗೆ. ಮೂರನೆಯದಕ್ಕೆ ಉದ್ದನೆಯ ಸೀಳು. ನಾಲ್ಕನೆಯದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಐದನೆಯದು ಗಿಣಿಯ ಕೊಕ್ಕಿನ ಹಾಗೆ ಬಗ್ಗಿತ್ತು. ಅದು ಯಾತಕ್ಕೆ ಎಂದು ಅಕ್ಕ ಕೇಳಿದಾಗ ಚಿಕ್ಕಪ್ಪ ಅದನ್ನು ಎರಡು ಸಲ ತಿರುಗಿಸಿ ನೋಡಿ, "ಅದು ಸ್ಪೆಶಲ್ಲು" ಎಂದ.

ಈ ವಿದ್ಯೆ ಹೆಂಗಸರಿಗೆ ಹೊಸದೇ? ಬೀಗರ ಕೈ ತೊಳೆಯಲು ಸಣ್ಣ ಸೊಂಡಿಲಿನ ಗಿಂಡಿ ಬೇರೆ, ಬಚ್ಚಲಿಗೆ ಚೊಂಬು ಬೇರೆ. ಎಳೆಗೂಸಿಗೆ ಹಾಲು ಹಾಕುವ ಒಳಲೆಯ ಮೂತಿ ಎಷ್ಟು ಅಗಲ ಇದ್ದರೆ ಮಗುವಿಗೆ ನೆತ್ತಿ ಹತ್ತುವುದಿಲ್ಲ ಎಂಬುದು ಬೀದಿಯ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಒಲೆ ಊದುವ ಕೊಳವೆಯ ಬಾಯಿ ಕಿರಿದಾಗಿದ್ದರೇ ಬೆಂಕಿ ಹೊತ್ತುವುದು. ಚಕ್ಕುಲಿ ಒರಳಿಗೆ ಮುಳ್ಳುತೂತಿನ ಬಿಲ್ಲೆ, ಶಾವಿಗೆಗೆ ಸಣ್ಣತೂತಿನ ಬಿಲ್ಲೆ. ಸೊಪ್ಪಿನ ಮಡಿಗೆ ನೀರು ಹಾಕಲು ಅವ್ವ ತೆಂಗಿನ ಚಿಪ್ಪಿಗೆ ಮೊಳೆ ಕಾಯಿಸಿ ತೂತು ಹೊಡೆದಿದ್ದಳು. ಅದಕ್ಕೆ ಮಖಮಲ್ಲೂ ಇರಲಿಲ್ಲ, ಇಂಗ್ಲಿಷ್ ಹೆಸರೂ ಇರಲಿಲ್ಲ. ಆದ್ದರಿಂದ ಅದು ವಿದ್ಯೆ ಅಲ್ಲ.

ಚಿಕ್ಕಪ್ಪನ ವಿದ್ಯೆ ಮರುದಿನ ಬೆಳಿಗ್ಗೆಯೇ ಶುರುವಾಯಿತು. ಅಂಗಳಕ್ಕೆ ಸಗಣಿನೀರು ಚಿಮುಕಿಸುವುದು ನನ್ನ ಕೆಲಸ. ನನ್ನನ್ನು ಪಕ್ಕಕ್ಕೆ ನಿಲ್ಲಿಸಿ ಡಬ್ಬದೊಳಗೆ ಸಗಣಿನೀರು ಸುರಿದ. ಜರಡಿ ಮೂತಿ ಹಾಕಿ ಹಿಡಿ ಒತ್ತಿದ. ನಾಲ್ಕು ಹನಿ ಬಂತು, ನಿಂತಿತು. ಸಗಣಿಯಲ್ಲಿ ಹುಲ್ಲಿನ ನಾರು ಇರುತ್ತದೆ, ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ತಿಳಿಯಲು ಮೇಟೂರಿಗೆ ಹೋಗಬೇಕಾಗಿಲ್ಲ. "ತಪ್ಪು ನಾಜಿಲ್ಲು" ಎಂದು ಒಂದು ತೂತಿನದನ್ನು ತಿರುಗಿಸಿ ಹಾಕಿ ಜೋರಾಗಿ ಒತ್ತಿದ. ಸಗಣಿನೀರು ಈಟಿಯ ಹಾಗೆ ಹೊರಟು ನೆಲದಲ್ಲಿ ಗುಂಡಿ ತೋಡಿ, ಅಲ್ಲಿಂದ ಎಗರಿ, ಎದುರುಮನೆಯ ಮುದುಕ ಆಗಷ್ಟೇ ಇಟ್ಟುಕೊಂಡಿದ್ದ ನಾಮದ ಮೇಲೆ ಬಿತ್ತು. ಆ ಮುದುಕ ತಮಿಳಿನಲ್ಲಿ ಬೈದದ್ದನ್ನು ನಾನು ಬರೆಯುವುದಿಲ್ಲ. ಚೆನ್ನಾಗಿ ಬೈದ ಎಂದಷ್ಟೇ ಹೇಳುತ್ತೇನೆ.

ಆಮೇಲೆ ಸೊಳ್ಳೆಗೆಂದು ಸೀಮೆಎಣ್ಣೆ. ಸೊಳ್ಳೆಗಳು ಚೆನ್ನಾಗಿಯೇ ಇದ್ದವು. ನಾವು ಮಾತ್ರ ಮೂರು ದಿನ ಸೀಮೆಎಣ್ಣೆ ವಾಸನೆಯ ಸಾರು ಉಂಡೆವು. ಮಲ್ಲಿಗೆ ಬಳ್ಳಿಗೆ ನೀರು ಹೊಡೆಯುತ್ತೇನೆಂದು ಮೊಗ್ಗನ್ನೆಲ್ಲ ಉದುರಿಸಿದ. ಹಬ್ಬಕ್ಕೆ ಗೋಡೆಗೆ ಸುಣ್ಣವನ್ನು ಸೀಳುಮೂತಿಯಲ್ಲಿ ಹೊಡೆದ. ಗೋಡೆಗೆ ಹತ್ತಿದ್ದಕ್ಕಿಂತ ದೇವರ ಪಟಗಳಿಗೆ ಹತ್ತಿದ್ದೇ ಹೆಚ್ಚು. ಪ್ರತಿ ಸಲವೂ ಕೆಟ್ಟಮೇಲೆ ಪೆಟ್ಟಿಗೆ ತೆರೆದು ಐದು ಮೂತಿಗಳನ್ನೂ ಗಂಭೀರವಾಗಿ ನೋಡುತ್ತ, "ನಾಜಿಲ್ಲು ಸರ್ಯಾಗಿ ಆರಿಸ್ಬೇಕಿತ್ತು" ಎನ್ನುತ್ತಿದ್ದ. ತಾನು ತಪ್ಪಿದೆ ಎಂದು ಎಂದೂ ಅನ್ನಲಿಲ್ಲ. ಪ್ರತಿ ಕೆಲಸ ಮುಗಿದ ಮೇಲೆ ಆ ಡಬ್ಬ ತೊಳೆಯುವ ಪಾಡು ನನ್ನದು. ಬಾಯೊಳಗೆ ಕೈ ಹಾಕಿ ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಬೆರಳು ಬಿಳಿಚಿಕೊಳ್ಳುತ್ತಿದ್ದವು. ಒಳಗೆ ಒಂದು ಚೂರೂ ಕಲಾಯಿ ಇರಲಿಲ್ಲ, ಬರೀ ಹಿತ್ತಾಳೆ. ಈ ಮಾತನ್ನು ನೆನಪಿಡಬೇಕು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ, ಕೂತು ನಗುತ್ತಿದ್ದೆ ಅಷ್ಟೆ. ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಮೇಚೇರಿಯವರು, ನಮ್ಮವರೇ, ನೇಯುವವರೇ.

ನಮ್ಮ ಮನೆತನದಲ್ಲಿ ಹೆಣ್ಣಿನ ಧಾರೆ ಸೀರೆಯನ್ನು ಕೊಳ್ಳುವುದಿಲ್ಲ. ಅವಳ ತಂದೆ ಹಾಸು ಹೂಡುತ್ತಾನೆ, ಅಂದರೆ ಸೀರೆಯ ಉದ್ದದ ಎಳೆಗಳನ್ನು ಎಣಿಸಿ ಜೋಡಿಸಿ ಸುತ್ತಿಡುತ್ತಾನೆ. ಆ ಹಾಸನ್ನು ಬೀದಿಯಲ್ಲಿ ಎಳೆದು ಕಟ್ಟಿ ಗಂಜಿ ಹಾಕುವ ದಿನ ಬೀಗಿತ್ತಿಯರು ಬಂದು ಅದರ ತಲೆಗೆ ಕುಂಕುಮ ಇಡುತ್ತಾರೆ. ಗಂಜಿ ಹಾಕುವುದು ಮನೆಯ ಹೆಣ್ಣುಮಕ್ಕಳು. ತಂಗಿ ಗಂಜಿಯ ಬಾನೆ ಹಿಡಿದು ಮುಂದೆ ನಡೆಯಬೇಕು, ಅವ್ವ ಕೈಯಲ್ಲಿ ಚಿಮುಕಿಸಬೇಕು, ಹಿಂದಿನಿಂದ ಕುಂಚ ಎಳೆಯಬೇಕು. ಆಮೇಲೆ ಅದು ಮಗ್ಗ ಏರುತ್ತದೆ.

ಅಕ್ಕನ ಹಾಸನ್ನು ಅಪ್ಪ ಹೂಡಿದ್ದು ಜ್ವರ ಬರುವ ಹತ್ತು ದಿನ ಮೊದಲು. ಆಗ ಮದುವೆಯ ಮಾತೇ ಇರಲಿಲ್ಲ. ಒಳ್ಳೆಯ ಬಿಳಿ ನೂಲು ಸಿಕ್ಕಿತು, ದೊಡ್ಡವಳಿಗೆ ಇರಲಿ ಎಂದು ಹೂಡಿ ಸುತ್ತಿಟ್ಟಿದ್ದ. ಅಪ್ಪನ ಕೈಯ ಕೊನೆಯ ಕೆಲಸ ಅದು. ಎರಡು ವರ್ಷ ಅಕ್ಕ ಆ ಸುತ್ತನ್ನು ಬೇವಿನೆಲೆಯ ನಡುವೆ ಇಟ್ಟು ಕಾಪಾಡಿದಳು. ಅಮಾವಾಸ್ಯೆಗೊಮ್ಮೆ ತೆಗೆದು ಗಾಳಿಗೆ ಹಿಡಿಯುತ್ತಿದ್ದಳು, ನನ್ನನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಒಡವೆ ಬೇಕು, ಪಾತ್ರೆ ಬೇಕು ಎಂದು ಬಾಯಿ ಬಿಟ್ಟವಳಲ್ಲ. ಅವಳು ಕೇಳಿದ್ದು ಒಂದೇ: "ನಾನು ಅಪ್ಪನ ಹಾಸಿನ ಸೀರೇಲಿ ಧಾರೆಗೆ ಕೂತ್ಕೋಬೇಕು."

ಗಂಜಿ ಹಾಕುವ ಹಿಂದಿನ ದಿನ ಬೀಗಿತ್ತಿಯರು ಬಂದು ಪಕ್ಕದ ಬೀದಿಯಲ್ಲಿ ಅವರ ನೆಂಟರ ಮನೆಯಲ್ಲಿ ಇಳಿದುಕೊಂಡರು. ಅವರಿಗೆ ಊಟ ಹೊತ್ತುಕೊಂಡು ಅವ್ವ, ಅಕ್ಕ ಇಬ್ಬರೂ ಹೋದರು. ಹೊಸ್ತಿಲಲ್ಲಿ ನಿಂತು ಚಿಕ್ಕಪ್ಪ ಸಾರಿದ: "ಅತ್ಗೆ, ನಾಳೆ ನೀವ್ಯಾರೂ ಕೈ ನೆನೆಸ್ಬ್ಯಾಡಿ. ನಮ್ ಮಗೀನ ಹಾಸ್ಗೆ ಮಿಷಿನ್ನಲ್ಲೇ ಗಂಜಿ. ಮೇಚೇರಿಯೋರು ನೋಡ್ಲಿ."

"ಬ್ಯಾಡಪ್ಪಾ, ಇದೊಂದ್ನ ಬಿಟ್ಬಿಡು" ಎಂದಳು ಅವ್ವ.

"ಕೈಯಲ್ಲಿ ಚಿಮುಕಿಸಿದ್ರೆ ಒಂದ್ಕಡೆ ಜಾಸ್ತಿ, ಒಂದ್ಕಡೆ ಕಮ್ಮಿ. ಅಣ್ಣನ ಕೈಯಿನ ಹಾಸು ಅದು. ಒಂದು ಎಳೆ ಕೂಡ ಬಿಡ್ದಂಗೆ ಹಿಡೀಬೇಕು. ನಾನು ನೋಡಿವ್ನಿ ಅತ್ಗೆ, ಈ ಸಾರಿ ನಾಜಿಲ್ಲು ಸರ್ಯಾಗಿ ನೋಡಿವ್ನಿ."

ಅವ್ವ ಅಕ್ಕನ ಮುಖ ನೋಡಿದಳು. ಅಕ್ಕ, "ಮಾಡ್ಲಿ ಬಿಡವ್ವ, ಆಸೆ ಪಡ್ತಾರೆ" ಎಂದಳು. ಇಬ್ಬರೂ ಹೊರಟುಹೋದರು. ತಂಗಿಯಾದ ನಾನು ಬಾನೆ ಹಿಡಿದು ಮುಂದೆ ನಡೆಯಬೇಕಿತ್ತಲ್ಲ, ಅದರ ಮಾತು ಯಾರೂ ಎತ್ತಲಿಲ್ಲ. ಅದಕ್ಕಾಗಿ ನಾನು ಹೊಸ ಲಂಗ ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ರೋಷ ಬಂತು.

ಸಂಜೆ ಚಿಕ್ಕಪ್ಪ ನನ್ನನ್ನು ಕರೆದ. ಗಂಜಿ ತುಂಬಬೇಕಂತೆ, ಬೆಳಿಗ್ಗೆ ಕತ್ತಲಿರುವಾಗಲೇ ಶುರು ಮಾಡಬೇಕಾದ್ದರಿಂದ ಈಗಲೇ ಸಿದ್ಧ ಇರಬೇಕಂತೆ. ಹಾಸಿನ ಗಂಜಿಯನ್ನು ನಾವು ಎರಡು ದಿನ ಇಟ್ಟು ಹುಳಿ ಬರಿಸುತ್ತೇವೆ. ಹುಳಿ ಬಂದ ಗಂಜಿ ಗಂಟು ಕಟ್ಟುವುದಿಲ್ಲ. ಅದನ್ನು ಇಡುವುದು ಯಾವಾಗಲೂ ಮಣ್ಣಿನ ಬಾನೆಯಲ್ಲಿ. ಯಾಕೆ ಮಣ್ಣಿನದೇ ಎಂದು ಯಾವ ಗಂಡಸೂ ಕೇಳಿದವನಲ್ಲ. ಅಡುಗೆಮನೆಯಲ್ಲಿ ಬೆಳೆದ ಹೆಣ್ಣಿಗೆ ಅದನ್ನು ಹೇಳಿಕೊಡಬೇಕಾಗಿಯೂ ಇಲ್ಲ. ಆ ತಿಂಗಳಲ್ಲೇ ನಾನು ಕಲಾಯಿ ಹೋದ ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಹಸಿರು ಕಿಲುಬು. ಅವ್ವ ಅದನ್ನು ಚರಂಡಿಗೆ ಚೆಲ್ಲಿ ನನ್ನ ತಲೆಗೆ ಎರಡು ಮೊಟಕಿದ್ದಳು.

ಚಿಕ್ಕಪ್ಪ ತನ್ನ ಹಳೇ ಪಂಚೆಯನ್ನು ಹರಿದು ಗಂಜಿಯನ್ನು ಮೂರು ಸಲ ಸೋಸಿದ. ಸಣ್ಣತೂತಿನ ನಾಲ್ಕನೆಯ ಮೂತಿಯನ್ನು ಕಡ್ಡಿಗೆ ಸಿಕ್ಕಿಸಿ, ಬರೀ ನೀರು ಹಾಕಿ, ಕರೀ ಕಂಬಳಿಯ ಮೇಲೆ ಹೊಡೆದು, ಹನಿ ಎಷ್ಟು ಸಣ್ಣದಾಗಿ ಬೀಳುತ್ತದೆ ಎಂದು ಬಗ್ಗಿ ಬಗ್ಗಿ ನೋಡಿದ. ಆಮೇಲೆ ಡಬ್ಬದ ಬಾಯಿ ತೆರೆದು ಹಿಡಿದ. ನಾನು ಹುಳಿ ಗಂಜಿಯನ್ನು ಸುರಿದೆ. ಅರ್ಧ ತುಂಬಿದಾಗ ಅವನು ಒಂದು ಕ್ಷಣ ಕೈ ಅಡ್ಡ ಹಿಡಿದ.

"ಲೇ, ಬೆಳಗಾಗೋಗಂಟ ಇದ್ರಲ್ಲೇ ಇದ್ರೆ ಏನೂ ಆಗಕ್ಕಿಲ್ಲ ತಾನೆ? ನಿಂಗೆ ಗೊತ್ತಿರ್ತದೆ, ಹೇಳು."

ಅವನು ಜೀವಮಾನದಲ್ಲಿ ಒಬ್ಬ ಹೆಣ್ಣನ್ನು ಕೇಳಿದ ಮೊದಲ ಪ್ರಶ್ನೆ ಅದು. ಕೇಳಿದ್ದು ನನ್ನನ್ನು.

"ಏನೂ ಆಗಲ್ಲ ಚಿಕ್ಕಪ್ಪ" ಎಂದೆ.

ಗೊತ್ತಿದ್ದೇ ಎಂದೆ. ಹದಿಮೂರು ವರ್ಷದವಳಿಗೆ ಏನು ಗೊತ್ತಿರುತ್ತದೆ ಎಂದು ಯಾರೂ ನನ್ನ ಪರವಾಗಿ ಹೇಳುವುದು ಬೇಡ. ನನ್ನ ಲೆಕ್ಕಾಚಾರ ಹೀಗಿತ್ತು: ಮೊದಲ ಸಲ ಹಿಡಿ ಒತ್ತಿದಾಗಲೇ ಹಸಿರು ನೀರು ಬರುತ್ತದೆ, ಬೀಗಿತ್ತಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ, ಚಿಕ್ಕಪ್ಪನ ಮುಖ ಇಷ್ಟೇ ಆಗುತ್ತದೆ, ಅವ್ವ ಮಣ್ಣಿನ ಬಾನೆ ತರಿಸುತ್ತಾಳೆ, ನಾನು ಹೊಸ ಲಂಗ ಉಟ್ಟು ಅದನ್ನು ಹಿಡಿದು ಮುಂದೆ ನಡೆಯುತ್ತೇನೆ. ಅಕ್ಕನ ಹಾಸಿನ ನೂಲಿಗೆ ಏನಾದರೂ ಆದೀತು ಎಂಬುದು ತಲೆಗೆ ಬರಲೇ ಇಲ್ಲ. ಒಂದು ಬಾನೆ ಗಂಜಿಯನ್ನು ಬೇರೆಯಾಗಿ ಎತ್ತಿ ಕೂಡ ಇಟ್ಟಿದ್ದೆ.

ಆದರೆ ಗಂಜಿ ಹಾಕುವುದು ಬಿಸಿಲೇರುವ ಮುಂಚೆ. ಬೀದಿಯ ಕೊನೆಯಲ್ಲಿ ಹಾಸು ಎಳೆಯುವ ಬಯಲಿಗೆ ಪಾವಡಿ ಎನ್ನುತ್ತೇವೆ. ಅಲ್ಲಿ ಲಾಟೀನಿನ ಬೆಳಕಿನಲ್ಲಿ ಅಪ್ಪನ ಹಾಸನ್ನು ಬಿಚ್ಚಿ ಗೂಟದಿಂದ ಗೂಟಕ್ಕೆ ಬಿಗಿದರು. ಅಷ್ಟು ಉದ್ದಕ್ಕೂ ಒಂದು ಎಳೆ ಸಡಿಲ ಇರಲಿಲ್ಲ. ಅಕ್ಕ ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಬೀಗಿತ್ತಿಯರು ಕುಂಕುಮದ ಬಟ್ಟಲು ಹಿಡಿದು ಬಂದರು. ಚಿಕ್ಕಪ್ಪ ಡಬ್ಬವನ್ನು ಬೆನ್ನಿಗೇರಿಸಿ, ಪಟ್ಟಿ ಬಿಗಿದು, ಹಿಡಿ ಒತ್ತಿದ.

ಇದನ್ನು ಹೇಳಲೇಬೇಕು. ಆ ದಿನ ಅವನು ಆರಿಸಿದ ಮೂತಿ ಸರಿಯಾಗಿತ್ತು. ಗಂಜಿ ಇಬ್ಬನಿಯಂತೆ ಬಿತ್ತು. ಒಂದು ಹನಿ ದಪ್ಪವಿಲ್ಲ, ಒಂದು ಕಡೆ ಬಿಟ್ಟುಹೋಗಲಿಲ್ಲ. ಅವನು ನಿಧಾನವಾಗಿ ಹಾಸಿನ ಉದ್ದಕ್ಕೂ ನಡೆದ, ಸುತ್ತಿ ಬಂದು ಇನ್ನೊಂದು ಮಗ್ಗುಲಿಗೂ ನಡೆದ. ಹಿಂದಿನಿಂದ ಅವ್ವ ಕುಂಚ ಎಳೆದುಕೊಂಡು ಬಂದಳು. ಎದುರುಮನೆಯ ಮುದುಕ, ನಾಮ ಕೆಡಿಸಿಕೊಂಡವನು, ಅವನೂ "ರೊಂಬ ನಲ್ಲಾ ಇರುಕ್ಕು" ಎಂದು ಮೆಚ್ಚಿದ. ಅಕ್ಕ ಚಿಕ್ಕಪ್ಪನ ಕಡೆ ನೋಡಿ ನಕ್ಕಳು. ಅಪ್ಪ ಹೋದಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಲಾಟೀನಿನ ಬೆಳಕಿನಲ್ಲಿ ಬಿಳಿ ಯಾವುದು, ಹಸಿರು ಯಾವುದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಆಗಲೂ ಅರ್ಧ ಹಾಸು ಉಳಿಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಹೆದರಿಬಿಟ್ಟಿದ್ದೆ.

ಜರುಗುಮಲೆಯ ಹಿಂದಿನಿಂದ ಸೂರ್ಯ ಮೇಲೆ ಬಂದ. ಹಾಸು ಒಣಗುತ್ತ ಬಂದಂತೆ ಮೊದಲು ತಲೆಯ ಕಡೆ, ಆಮೇಲೆ ಉದ್ದಕ್ಕೂ ಹಸಿರು ಚುಕ್ಕೆಗಳು ಎದ್ದವು. ಕೆಲವು ಕಡೆ ಚುಕ್ಕೆ, ಕೆಲವು ಕಡೆ ಗೀರು. ಗಂಡಿನ ತಾಯಿ ಕುಂಕುಮ ಇಡಲು ಬಗ್ಗಿದವಳು ಹಾಗೇ ನಿಂತಳು. ಎಳೆಯ ಮೇಲೆ ಬೆರಳು ಎಳೆದು, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಇದು ಕಿಲುಬು" ಎಂದಳು. "ಮದ್ವೆ ನಿಲ್ಲಕ್ಕಿಲ್ಲ, ಯಾರೂ ಎದರಬ್ಯಾಡಿ. ಆದ್ರೆ ಕಿಲುಬು ಇಡಿದಿರೋ ಹಾಸಿನ ಸೀರೇಲಿ ನಮ್ಮನೆಗೆ ಹೆಣ್ಣು ಬರ್ಬಾರ್ದು. ಸೀರೆ ಬ್ಯಾರೆ ತನ್ನಿ."

ಅವ್ವ ಕುಂಚ ಕೆಳಗೆ ಹಾಕಿದಳು. "ಯಾವಾಗ ತುಂಬಿದ್ದು ಅದ್ರೊಳ್ಗೆ ಗಂಜೀನ? ಯಾರು ತುಂಬಿದ್ದು?"

ಚಿಕ್ಕಪ್ಪ ತಿರುಗಿ ನನ್ನನ್ನು ನೋಡಿದ. ಅವನಿಗೆ ಆ ಕ್ಷಣದಲ್ಲಿ ಎಲ್ಲ ತಿಳಿಯಿತು. ಹೊಸ ಲಂಗ ಉಟ್ಟು, ಮುಚ್ಚಿಟ್ಟ ಬಾನೆಯ ಪಕ್ಕದಲ್ಲಿ ನಿಂತಿದ್ದ ಹುಡುಗಿಯನ್ನು ನೋಡಿದರೆ ಯಾರಿಗೂ ತಿಳಿಯುತ್ತಿತ್ತು. ಅವನು ನನ್ನ ಮೇಲಿಂದ ಕಣ್ಣು ತೆಗೆದು ಅವ್ವನ ಕಡೆ ತಿರುಗಿದ.

"ನಾನೇ ಅತ್ಗೆ. ನೆನ್ನೆ ಸಾಯಂಕಾಲ. ನಂಗೆ ಗೊತ್ತಾಗ್ಲಿಲ್ಲ."

ಅವ್ವ ಎಲ್ಲರೆದುರಿಗೆ ಅವನನ್ನು ಬಾಯಿಗೆ ಬಂದಂತೆ ಬೈದಳು. ಅಣ್ಣ ಬಿಟ್ಟುಹೋದ ಒಂದೇ ಒಂದನ್ನೂ ಹಾಳು ಮಾಡಿದೆ ಎಂದಳು. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. ಹಾಸಿನ ಪಕ್ಕದಲ್ಲಿ ಕೊನೆಯಿಂದ ಕೊನೆಯವರೆಗೆ ಒಂದು ಸಲ ನಡೆದು ನೋಡಿ ಮನೆಗೆ ಹೋದಳು.

ಚಿಕ್ಕಪ್ಪ ಅದನ್ನು ನಿಂಬೆರಸದಲ್ಲಿ ನೆನೆಸಿ ತೊಳೆದ. ಹಸಿರು ಮಾಸಿ ಕೆಸರುಬಣ್ಣ ಆಯಿತು, ಎಳೆಯ ಜೀವ ಹೋಯಿತು. ಆದರೂ ಮಗ್ಗಕ್ಕೆ ಏರಿಸಿ ಕೂತ. ಒಂದು ಸಲ ಲಾಳಿ ಎಸೆದರೆ ಐದು ಎಳೆ ಕಡಿಯುತ್ತಿತ್ತು. ಗಂಟು ಹಾಕುವುದು, ಎಸೆಯುವುದು, ಮತ್ತೆ ಗಂಟು ಹಾಕುವುದು. ಎಂಟು ದಿನ ಊಟಕ್ಕೂ ಸರಿಯಾಗಿ ಏಳದೆ ನಾಲ್ಕು ಮೊಳ ಬಟ್ಟೆ ತೆಗೆದ. ಅಲ್ಲಿಗೆ ನಿಂತಿತು. ಅಕ್ಕ ಆ ನಾಲ್ಕು ಮೊಳವನ್ನು ತನ್ನ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು, ಯಾರೋ ಗೊತ್ತಿಲ್ಲದವರು ನೇಯ್ದ ಅಂಗಡಿ ಸೀರೆ ಉಟ್ಟು ಧಾರೆಗೆ ಕೂತಳು. ನೇಕಾರರ ಬೀದಿಯಲ್ಲಿ ಅದಕ್ಕಿಂತ ಅವಮಾನ ಬೇರೆ ಇರಲಿಲ್ಲ.

ಮೇಚೇರಿಗೆ ಹೋದವಳು ಚಿಕ್ಕಪ್ಪ ಇರುವ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದುಬಿಟ್ಟಳು. ಹೇಳಿದ ಹಾಗೇ ನಡೆದುಕೊಂಡಳು. ಅವ್ವನನ್ನು ನೋಡಬೇಕಾದರೆ ನನ್ನ ಮದುವೆಯಾದ ಮೇಲೆ ನನ್ನ ಮನೆಗೆ ಬರುತ್ತಿದ್ದಳು. ವರ್ಷ ವರ್ಷ ಹಬ್ಬಕ್ಕೆ ತವರಿನ ಅರಿಶಿನ ಕುಂಕುಮ, ಒಂದು ಸೀರೆ ತೆಗೆದುಕೊಂಡು ಚಿಕ್ಕಪ್ಪ ಮೇಚೇರಿಗೆ ಹೋಗುತ್ತಿದ್ದ. ಸೀರೆ ಅವನೇ ನೇಯ್ದದ್ದು, ಗಂಜಿಯನ್ನು ಕೈಯಲ್ಲೇ ಹಾಕಿದ್ದು. ಅಕ್ಕ ಬಾಗಿಲಲ್ಲೇ ನಿಂತು ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಅವನು ಸಂತೆಯ ಮರದಡಿ ಸ್ವಲ್ಪ ಹೊತ್ತು ಕೂತು ಹಿಂದಿರುಗುತ್ತಿದ್ದ. ಇದೆಲ್ಲ ನನಗೆ ಗೊತ್ತಿತ್ತು.

ನಾನೇನು ಮಾಡಿದೆ? ನಗಿಸಿದೆ. ಮದುವೆ ಮನೆಯಲ್ಲಿ, ಸೀಮಂತದಲ್ಲಿ, ನಾಲ್ಕು ಹೆಂಗಸರು ಸೇರಿದಲ್ಲಿ ಚಿಕ್ಕಪ್ಪನ ಐದು ಮೂತಿಯ ಕಥೆಯನ್ನು ಅಭಿನಯಿಸಿ ತೋರಿಸಿದೆ. ಸಗಣಿನೀರ ಮುದುಕ, ಸೀಮೆಎಣ್ಣೆ ಸಾರು, ಸುಣ್ಣ ಬಳಿದುಕೊಂಡ ದೇವರು, ಕೊನೆಯಲ್ಲಿ ಹಸಿರು ಹಾಸು. ಅವನು ಅಲ್ಲೇ ಮೂಲೆಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ತಾನೂ ನಗುತ್ತಿದ್ದ. ಇದನ್ನು ಬರೆಯುವಾಗ ಕೂಡ ಮೊದಲ ಅರ್ಧವನ್ನು ನಾನು ಅದೇ ಹಳೆಯ ಧಾಟಿಯಲ್ಲೇ ಬರೆದಿದ್ದೇನೆ, ನೋಡಿ. ಅಭ್ಯಾಸ ಹೋಗುವುದಿಲ್ಲ.

ಅವನಿಗೆ ಕಣ್ಣು ಮಂದವಾಗಿ ಮಗ್ಗ ಬಿಟ್ಟ ಮೇಲೆ ಒಂದು ದಿನ ನಾನೇ ಕೇಳಿದೆ. "ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ ಚಿಕ್ಕಪ್ಪ?"

"ಬೀಗಿತ್ತೀರ ಮುಂದೆ ಎಂಗೆ ಹೇಳೋದು ಲೇ? ಅಕ್ಕನ ಹಾಸಿನ ನೂಲ್ಗೆ ಕಿಲುಬು ಆಕಿದ ಹುಡ್ಗಿ ಅಂತ ಊರೆಲ್ಲ ಆಗಿದ್ರೆ ನಿನ್ನ ಯಾರು ತಕೊಳ್ತಿದ್ರು? ನಾನು ಮೊದ್ಲೇ ದಡ್ಡ ಅಂತ ಎಲ್ಲಾರ್ಗೂ ಗೊತ್ತಿತ್ತು. ನಂಗೇನಾಗ್ಬೇಕು?" ಎಂದ. ಉದ್ದುದ್ದ ಕಾರಣ ಹೇಳುವವನು ಅಷ್ಟಕ್ಕೇ ನಿಲ್ಲಿಸಿದ.

ಅಕ್ಕನಿಗೆ ಹೇಳುತ್ತೇನೆ ಎಂದೆ. ಬೇಡ ಎಂದ. ಬೇಡ ಎಂದದ್ದು ನನಗೆ ಅನುಕೂಲವೇ ಆಯಿತು, ಸುಮ್ಮನಾದೆ. ಅವನು ಸತ್ತಾಗ ಅಕ್ಕ ಬರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ನಾನು ಮೇಚೇರಿಯ ಬಸ್ಸು ಹತ್ತಿದೆ. ಅಕ್ಕ ಹಿತ್ತಿಲ ಕಟ್ಟೆಯ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ಮಗುವಿನ ಕೆಳಗೆ ಹಾಸಿದ್ದು ಆ ನಾಲ್ಕು ಮೊಳ ಬಟ್ಟೆ. ಒಗೆದು ಒಗೆದು ಮೆತ್ತಗಾಗಿತ್ತು, ಕಲೆ ಇನ್ನೂ ಇತ್ತು. ಎಲ್ಲವನ್ನೂ ಹೇಳಿದೆ. ಅವನು ಡಬ್ಬಕ್ಕೆ ಕೈ ಅಡ್ಡ ಹಿಡಿದದ್ದು, ಕೇಳಿದ್ದು, ನಾನು ಏನೂ ಆಗಲ್ಲ ಎಂದದ್ದು. ಅಕ್ಕ ಮಗುವಿನ ಮೇಲಿನ ನೊಣ ಓಡಿಸುತ್ತ ಕೇಳಿದಳು.

"ಇಪ್ಪತ್ತೆಂಟು ವರ್ಷ ಆ ಮನುಷ್ಯ ನಮ್ ಬಾಗ್ಲಿಗೆ ಬಂದ" ಎಂದಳು ಆಮೇಲೆ. "ಬಿಸಿಲಲ್ಲಿ ಬಂದ. ಒಂದು ಲೋಟ ನೀರು ಕುಡೀರಿ ಅನ್ಲಿಲ್ಲ ಕಣೇ ನಾನು."

ಮಗುವನ್ನು ಎತ್ತಿಕೊಂಡು, ಬಟ್ಟೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಬಸ್ಸಿನ ಹೊತ್ತಿನವರೆಗೂ ಕೂತಿದ್ದೆ. ಆ ದಿನ ನನಗೂ ನೀರು ಕೊಡಲಿಲ್ಲ.